ಹಿಂದಿನ ಸೀಟಿನಲ್ಲಿ ಮರಿಯಮ್ಮ: ಕೊಡಗಿನಲ್ಲಿ ನಾಲ್ಕು ದಿನ

ಮೊದಲ ದಿನ, ಶುಕ್ರವಾರ

ಈ ಸಲ ಕೊಡಗಿಗೆ ಹೋಗಿದ್ದು ಒಂದು ಕೆಲಸದ ಮೇಲೆ. ನನ್ನ ಹೆಂಡತಿಯ ಮಾವ್ಶಿ, ಅಂದರೆ ಅವಳ ಅಮ್ಮನ ಅಕ್ಕ, ವಿರಾಜಪೇಟೆಯ ಮನೆ ಖಾಲಿ ಮಾಡಿ ಮಂಗಳೂರಿಗೆ ಮಗಳ ಹತ್ತಿರ ಹೊರಟಿದ್ದರು. ಅವರ ಮನೆಯಲ್ಲಿ ಅರವತ್ತು ವರ್ಷದಿಂದ ಮರಿಯಮ್ಮನ, ಅಂದರೆ ಯೇಸುವಿನ ತಾಯಿಯ, ಪ್ರತಿಮೆ ಇದೆ. ಅದನ್ನು ನಿಮಗೇ ಕೊಡುತ್ತೇನೆ, ಬಂದು ತಗೊಂಡು ಹೋಗಿ ಅಂದಿದ್ದರು. ಹೆಂಡತಿಗೆ ಆ ಫೋನ್ ಬಂದ ದಿನ ಕಣ್ಣಲ್ಲಿ ನೀರು. ನನ್ನ ಅಮ್ಮ ಮಾತ್ರ ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದರು: "ಈ ಮನೆಗೆ ವಿಗ್ರಹ ಬರೋದು ಬೇಡ."

ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು, ಪ್ರಾಟೆಸ್ಟೆಂಟರು. ಅಮ್ಮನ ಅಜ್ಜ ಮಂಗಳೂರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ನಮ್ಮ ಚರ್ಚಿನಲ್ಲಿ ಒಂದು ಬರೀ ಶಿಲುಬೆ, ಒಂದು ಮೇಜು, ಅದರ ಮೇಲೆ ಬೈಬಲ್, ಅಷ್ಟೇ. ಹೆಂಡತಿ ಕೊಂಕಣಿ ಮಾತಾಡುವ ಕ್ಯಾಥೊಲಿಕ್ ಮನೆಯವಳು. ಅವಳ ಬಾಯಲ್ಲಿ ಆ ಪ್ರತಿಮೆ 'ಇಮಾಜ್'. ಅಮ್ಮನ ಬಾಯಲ್ಲಿ 'ವಿಗ್ರಹ'. ನಮ್ಮ ಕನ್ನಡ ಬೈಬಲ್ಲಿನಲ್ಲಿ ಬೇಡ ಅಂತ ಹೇಳಿರುವುದಕ್ಕೆ ಇರುವ ಪದವೇ ವಿಗ್ರಹ. ಹಾಗಾಗಿ ಆ ಪದ ಬಂದಾಗಲೇ ತೀರ್ಪೂ ಬಂದು ಬಿಡುತ್ತದೆ. ನಾನು 'ಪ್ರತಿಮೆ' ಅನ್ನುತ್ತೇನೆ, ಇಬ್ಬರಿಗೂ ನೋವಾಗಬಾರದು ಅಂತ.

ಅಮ್ಮ ಬರುವುದಿಲ್ಲ ಅಂದುಕೊಂಡಿದ್ದೆ. ಆದರೆ "ಆನಂದಪುರಕ್ಕೆ ಕರ್ಕೊಂಡು ಹೋದ್ರೆ ಬರ್ತೀನಿ" ಅಂದರು. ಸಿದ್ದಾಪುರದ ಕಡೆ ಬಾಸೆಲ್ ಮಿಶನ್‌ನವರು ಕಟ್ಟಿದ ಊರು ಅದು. ಚಿಕ್ಕಂದಿನಿಂದ ಹೆಸರು ಕೇಳಿದ್ದಾರೆ, ನೋಡಿರಲಿಲ್ಲ.

ಮೈಸೂರಿನಿಂದ ಬೆಳಿಗ್ಗೆ ಏಳಕ್ಕೆ ಹೊರಟೆವು. ಹುಣಸೂರು ದಾಟಿದ ಮೇಲೆ ತಿಂಡಿ, ಪಿರಿಯಾಪಟ್ಟಣದ ಹತ್ತಿರ ರಸ್ತೆ ಕೆಲಸಕ್ಕೆ ಅರ್ಧ ಗಂಟೆ ಕಾದದ್ದು, ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಬೈಲಕುಪ್ಪೆಯಲ್ಲಿ ಇಳಿದೆವು. ಟಿಬೆಟನ್ನರ ಗೋಲ್ಡನ್ ಟೆಂಪಲ್‌ನಲ್ಲಿ ಬುದ್ಧ, ಪದ್ಮಸಂಭವ, ಅಮಿತಾಯುಸ್ ಮೂವರ ದೊಡ್ಡ ಬಂಗಾರದ ಬಣ್ಣದ ಮೂರ್ತಿಗಳಿವೆ. ಹತ್ತು ಗಂಟೆ ಒಳಗೆ ಹೋದರೆ ಬಸ್ಸುಗಳ ಗಲಾಟೆ ಇರುವುದಿಲ್ಲ. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೆಲದ ಮೇಲೆ ಕೂತರು. ಹತ್ತು ನಿಮಿಷ ಕದಲಲಿಲ್ಲ.

ಹೊರಗೆ ಬಂದಾಗ ಹೆಂಡತಿ ಮೆಲ್ಲಗೆ ಕೇಳಿದಳು. "ಅತ್ತೆ, ಇಷ್ಟು ದೊಡ್ಡದರ ಮುಂದೆ ಕೂತ್ರಿ. ನಮ್ಮ ಇಮಾಜ್ ಒಂದೂವರೆ ಅಡಿ ಇಲ್ಲ."

ಅಮ್ಮ ಸಿಟ್ಟು ಮಾಡಿಕೊಳ್ಳಲಿಲ್ಲ. "ಇದು ಅವರದ್ದು ಕಣಮ್ಮ. ಅವರು ಹೇಗೆ ಬೇಕಾದ್ರೂ ಮಾಡ್ಕೋಬಹುದು. ನಮ್ಮ ಯೇಸುವಿನ ಹೆಸರಲ್ಲಿ ಮಾಡಿದ್ರೆ ನನಗೆ ಸಂಕಟ ಆಗುತ್ತೆ."

ಆ ಮಾತು ಇಡೀ ದಾರಿ ನನ್ನ ತಲೆಯಲ್ಲಿ ಇತ್ತು. ದೂರದವರ ಜೊತೆ ನಮಗೆ ಜಗಳವೇ ಇರುವುದಿಲ್ಲ. ಒಂದೇ ಪುಸ್ತಕ ಓದಿ, ಒಂದೇ ಪ್ರಾರ್ಥನೆ ಹೇಳುವವರ ನಡುವೆಯೇ ಅದು ಇಷ್ಟು ಆಳವಾಗುವುದು.

ಸುಂಟಿಕೊಪ್ಪ ದಾಟುವಾಗ ಮೋಡ ಕವಿಯಿತು. ಮಡಿಕೇರಿ ಮುಟ್ಟುವಷ್ಟರಲ್ಲಿ ಆಲಿಕಲ್ಲು ಮಳೆ. ಮಾರ್ಚ್ ತಿಂಗಳು, ಬಿಸಿಲು ಅಂದುಕೊಂಡು ಕೊಡೆಗಳನ್ನು ಡಿಕ್ಕಿಯ ತಳಕ್ಕೆ ಹಾಕಿದ್ದೆ. ಕಾರಿನಿಂದ ರೂಮಿನ ಬಾಗಿಲಿಗೆ ಇಪ್ಪತ್ತು ಹೆಜ್ಜೆ, ಮೂವರೂ ತೊಯ್ದು ತೊಪ್ಪೆ. ಈ ತಿಂಗಳಲ್ಲಿ ಹೋಗುವವರು ಕೊಡೆಯನ್ನು ಕೈಗೆ ಸಿಗುವ ಕಡೆ ಇಡಿ, ಅಮ್ಮನ ವಯಸ್ಸಿನವರಿದ್ದರೆ ಒಂದು ಸ್ವೆಟರ್ ಕೂಡ.

ಎರಡನೇ ದಿನ, ಶನಿವಾರ

ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗೆ ಇತ್ತು. ಮಡಿಕೇರಿ ಕೋಟೆಗೆ ಹೋದೆವು. ಅಂಗಳದ ಎರಡು ಗಾರೆ ಆನೆಗಳ ಮುಂದೆ ಮಕ್ಕಳು ಫೋಟೋಗೆ ಸಾಲು ನಿಂತಿದ್ದರು. ನಾವು ಬಂದಿದ್ದು ಮೂಲೆಯ ಚರ್ಚ್ ನೋಡುವುದಕ್ಕೆ. ಈಗ ಅದು ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ. ಸೋಮವಾರ ಬಾಗಿಲು ಹಾಕಿರುತ್ತದೆ, ನೆನಪಿರಲಿ.

ಈ ಕಟ್ಟಡದ ಕಥೆ ಮೊದಲೇ ಓದಿಕೊಂಡಿದ್ದೆ. ಬ್ರಿಟಿಷರು ಕೊಡಗನ್ನು ವಶ ಮಾಡಿಕೊಂಡಿದ್ದು 1834ರಲ್ಲಿ. ಅರಮನೆಯ ಆವರಣದಲ್ಲಿ ವೀರಭದ್ರ ದೇವಸ್ಥಾನ ಇತ್ತು. 1855ರಲ್ಲಿ ಅದನ್ನು ತೆಗೆದು ಆಂಗ್ಲಿಕನ್ ಚರ್ಚ್ ಕಟ್ಟಿದರು, ಸಂತ ಮಾರ್ಕನ ಹೆಸರಿನಲ್ಲಿ. ಈಗ ಒಳಗೆ ಹೋದರೆ ಕಲ್ಲಿನ ಮೂರ್ತಿಗಳು, ಹಳೆ ಆಯುಧಗಳು. ಬಣ್ಣದ ಗಾಜಿನ ಕಿಟಕಿಯಿಂದ ಬಿದ್ದ ಬೆಳಕು ಒಂದು ಕಲ್ಲಿನ ಮೊಣಕಾಲ ಮೇಲೆ ಕೆಂಪಗೆ ನಿಂತಿತ್ತು.

ಅಮ್ಮ ಬಲಿಪೀಠ ಇದ್ದಿರಬಹುದಾದ ಕಡೆ ತುಂಬಾ ಹೊತ್ತು ನಿಂತರು. ನಾನು ದೇವಸ್ಥಾನದ ವಿಷಯ ಹೇಳಿದೆ. ಅವರು ತಿರುಗಿ ಕೇಳಿದರು: "ಆ ವೀರಭದ್ರನ್ನ ಎಲ್ಲಿಟ್ರು?"

ಅಲ್ಲಿದ್ದ ಕಾವಲಿನವರನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅಮ್ಮ ಇನ್ನೇನೂ ಹೇಳಲಿಲ್ಲ. ಆದರೆ ಮೆಟ್ಟಿಲು ಇಳಿಯುವಾಗ, "ಇನ್ನೊಬ್ಬರದ್ದನ್ನ ತೆಗೆದು ಹಾಕಿ ನಮ್ಮದು ಕಟ್ಟೋಕೆ ಯೇಸುಸ್ವಾಮಿ ಹೇಳಿಲ್ಲ" ಅಂದರು. ವಿಗ್ರಹ ಬೇಡ ಅನ್ನುವ ನನ್ನ ಅಮ್ಮನೇ ಹೇಳಿದ್ದು. ನನಗೆ ಹೆಮ್ಮೆ ಆಯಿತು.

ಕಾರಿನಲ್ಲಿ ಹೆಂಡತಿ ಮಾತು ಶುರು ಮಾಡಿದಳು. ಗಾಜಿನಲ್ಲಿ ಸಂತರ ಚಿತ್ರ ಬಿಡಿಸಿದ ಪ್ರಾಟೆಸ್ಟೆಂಟ್ ಚರ್ಚುಗಳು ಬೇಕಾದಷ್ಟು ಇವೆ, ಗಾಜಾದರೆ ಆಗುತ್ತೆ, ಗಾರೆಯದಾದರೆ ಆಗಲ್ವಾ ಅಂತ. "ಗಾಜಿಗೆ ಯಾರೂ ಮುತ್ತು ಕೊಡಲ್ಲ, ಹಾರ ಹಾಕಲ್ಲ" ಅಂದರು ಅಮ್ಮ. ಇಬ್ಬರ ಮಾತಿನಲ್ಲೂ ಸತ್ಯ ಇದೆ. ಈ ವಾದ ಇವತ್ತಿನದ್ದೂ ಅಲ್ಲ. ಸುಮಾರು 600ನೇ ಇಸವಿಯಲ್ಲಿ ಈಗಿನ ಫ್ರಾನ್ಸಿನ ಮಾರ್ಸೇಲ್ಸ್ ಊರಿನ ಬಿಷಪ್ ಸೆರೇನಸ್ ತನ್ನ ಚರ್ಚಿನ ಚಿತ್ರಗಳನ್ನೆಲ್ಲ ಒಡೆಸಿ ಹಾಕಿದ. ಜನ ಅವುಗಳನ್ನೇ ಪೂಜೆ ಮಾಡುತ್ತಾರೆ ಅನ್ನುವುದು ಅವನ ಭಯ. ಪೋಪ್ ಗ್ರೆಗೊರಿ ಅವನಿಗೆ ಬರೆದ ಪತ್ರದಲ್ಲಿ ಎರಡು ಮಾತು ಇದೆ. ಪೂಜೆ ಮಾಡಲು ಬಿಡದೇ ಇದ್ದದ್ದು ಸರಿ. ಒಡೆದದ್ದು ತಪ್ಪು. ಓದು ಬಾರದವರು ಗೋಡೆಯ ಮೇಲೆ ಕಣ್ಣಾಡಿಸಿಯಾದರೂ ಓದಿಕೊಳ್ಳಲಿ. ನಾನು ಇದನ್ನು ಹೇಳಿದಾಗ ಹಿಂದಿನ ಸೀಟಿನಿಂದ ಅಮ್ಮ ಕೇಳಿದರು: "ಈಗ ಎಲ್ಲರಿಗೂ ಓದು ಬರುತ್ತಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೂರ್ನಾಡಿನ ದಾರಿಯಲ್ಲಿ ಕಿಟಕಿ ಇಳಿಸಿದೆವು. ಹತ್ತು ದಿನ ಮೊದಲು ಮಳೆ ಕಂಡ ತೋಟಗಳು ಪೂರ್ತಿ ಹೂವಾಗಿದ್ದವು. ರೊಬಸ್ಟಾ ಗಿಡದ ರೆಂಬೆ ಉದ್ದಕ್ಕೂ ಬಿಳಿ ಹೂವಿನ ಉಂಡೆಗಳು, ಮಲ್ಲಿಗೆಗಿಂತ ಸ್ವಲ್ಪ ಸಿಹಿ ಹೆಚ್ಚು ಅನ್ನಿಸುವ ವಾಸನೆ. ಎರಡೇ ದಿನ ಇರುವ ಸೊಬಗು ಇದು, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಬಿಡುತ್ತದೆ. ಒಂದು ಕಡೆ ಕಾರು ನಿಲ್ಲಿಸಿ ಸುಮ್ನೆ ಕೂತೆವು. ಜೇನುನೊಣಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಮಧ್ಯಾಹ್ನ ಒಬ್ಬ ಕೊಡವ ಅಕ್ಕ ಮನೆಯಲ್ಲೇ ನಡೆಸುವ ಊಟದ ಜಾಗಕ್ಕೆ ಹೋದೆವು. ಹಿಂದಿನ ದಿನವೇ ಫೋನ್ ಮಾಡಿ ಹೇಳಬೇಕು, ಇಲ್ಲದಿದ್ದರೆ ಅಡುಗೆ ಇರುವುದಿಲ್ಲ. ಅಮ್ಮನಿಗೂ ನನಗೂ ಕಡಂಬುಟ್ಟು, ಪಂದಿಕರಿ. ಕಾಚಂಪುಳಿಯ ಹುಳಿ ನಾಲಿಗೆಯ ತುದಿಯಲ್ಲಿ ನಿಲ್ಲುತ್ತದೆ. ಹೆಂಡತಿಗೆ ತಪಸ್ಸು ಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ವಾರಗಳ, ಉಪವಾಸ, ಮಾಂಸ ಇಲ್ಲ. ಅವಳಿಗೆ ಅಕ್ಕಿ ಒಟ್ಟಿ, ಕುಂಬಳ ಕರಿ. "ನಾಳೆ ಬನ್ನಿ, ನೂಪುಟ್ಟು ಮಾಡಿ ಕೊಡ್ತೀನಿ" ಅಂತ ಆ ಅಕ್ಕ ಅವಳ ಎಲೆಯ ಮುಂದೇ ನಿಂತು ಬಡಿಸಿದರು.

ನಾವು ಯಾಕೆ ಬಂದೆವು ಅಂತ ಕೇಳಿದಾಗ ಹೆಂಡತಿ ಇದ್ದದ್ದು ಇದ್ದ ಹಾಗೇ ಹೇಳಿದಳು. ಅಕ್ಕ ಸ್ವಲ್ಪ ಯೋಚನೆ ಮಾಡಿದರು. "ನಮ್ಮ ಐನ್‌ಮನೆಯಲ್ಲಿ, ಅಂದ್ರೆ ಕುಟುಂಬದ ಮೂಲ ಮನೆಯಲ್ಲಿ, ನೆಲ್ಲಕ್ಕಿ ನಡುಬಾಡೆ ಅಂತ ನಡುಮನೆ ಇದೆ. ಅಲ್ಲಿ ದೀಪ ಇಡ್ತೀವಿ. ತೀರಿಹೋದ ಹಿರಿಯರಿಗೆ, ಕಾರೋಣರಿಗೆ, ಹೊರಗೆ ಕೈಮಡ ಅನ್ನೋ ಚಿಕ್ಕ ಗುಡಿ ಇದೆ. ನನ್ನ ಅತ್ತೆ ತೀರಿಹೋದ ಮೇಲೆ ಒಂದು ವರ್ಷ ಅವರ ಹೆಸರು ಹೇಳಿ ದೀಪ ಹಚ್ಚುವಾಗ ಕೈ ನಡುಗ್ತಾ ಇತ್ತು. ದೀಪ ಅತ್ತೆ ಅಲ್ಲ ಅಂತ ನನಗೆ ಗೊತ್ತಿಲ್ವಾ?"

ಅಮ್ಮ ತಲೆ ಆಡಿಸಿದರು. ಒಪ್ಪಿದ್ದಕ್ಕೋ, ಊಟ ಸಾಕು ಅನ್ನುವುದಕ್ಕೋ ತಿಳಿಯಲಿಲ್ಲ.

ಮೂರನೇ ದಿನ, ಭಾನುವಾರ

ವಿರಾಜಪೇಟೆ ಊರಿನ ಹೆಸರೇ ಕೊಡಗಿನ ರಾಜ ದೊಡ್ಡವೀರರಾಜೇಂದ್ರನದ್ದು. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕ್ಯಾಥೊಲಿಕರನ್ನು ಸೆರೆ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟೋ ಜನ ದಾರಿಯಲ್ಲೇ ಸತ್ತರು. ಕರಾವಳಿಯ ಚರ್ಚುಗಳನ್ನು ಕೆಡವಿದರು. ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ರಾಜ ಜಾಗ ಕೊಟ್ಟ. ಸಂತ ಅನ್ನಮ್ಮನ ಚರ್ಚ್ ಇಲ್ಲಿ ಶುರುವಾದದ್ದು 1792ರಲ್ಲಿ. ಅನ್ನಮ್ಮ ಅಂದರೆ ಮರಿಯಮ್ಮನ ತಾಯಿ, ಯೇಸುವಿನ ಅಜ್ಜಿ. ಇದನ್ನೆಲ್ಲ ಮಾವ್ಶಿ ತಮ್ಮ ಮನೆಯ ಕಥೆ ಹೇಳುವ ಹಾಗೆ ಹೇಳುತ್ತಾರೆ.

"ಪೂಜೆ ಎಂಟು ಗಂಟೆಗೆ" ಅಂತ ಮಾವ್ಶಿ ಹಿಂದಿನ ರಾತ್ರಿ ಹೇಳಿದಾಗ ಅಮ್ಮ ಬೆಚ್ಚಿ ನನ್ನ ಮುಖ ನೋಡಿದ್ದರು. ನಾವು ಆರಾಧನೆ ಅನ್ನುವುದನ್ನು ಕ್ಯಾಥೊಲಿಕರು ಪೂಜೆ ಅನ್ನುತ್ತಾರೆ. ಪದ ಒಂದೇ ಸಾಕು ಅಮ್ಮನಂಥವರಿಗೆ ಬಾಗಿಲು ಮುಚ್ಚಿಕೊಳ್ಳಲು. ಆದರೂ ಬೆಳಿಗ್ಗೆ ಸೀರೆ ಉಟ್ಟು, ತಮ್ಮ ಬೈಬಲ್ ಕೈಯಲ್ಲಿ ಹಿಡಿದು ತಯಾರಾಗಿದ್ದರು. "ದೇವರ ವಾಕ್ಯ ಓದ್ತಾರಲ್ಲ, ಬರ್ತೀನಿ."

ಒಳಗೆ ಕಾಲಿಟ್ಟಾಗ ನಾನೇ ಆಶ್ಚರ್ಯದಿಂದ ನಿಂತೆ. ಪ್ರತಿಮೆಗಳಿಗೆಲ್ಲ ನೇರಳೆ ಬಟ್ಟೆ ಹೊದಿಸಿದ್ದರು. ಬಲಿಪೀಠದ ಶಿಲುಬೆಗೂ. ಬಟ್ಟೆಯ ಒಳಗೆ ಭುಜ ಎಲ್ಲಿ, ತಲೆ ಎಲ್ಲಿ ಅಂತ ಅಂದಾಜು ಮಾತ್ರ ಸಿಗುತ್ತಿತ್ತು. ಒಂದು ಬಟ್ಟೆಯ ಅಂಚಿಗೆ ಗುಂಡುಸೂಜಿ ಚುಚ್ಚಿದ್ದರು, ಫ್ಯಾನಿನ ಗಾಳಿಗೆ ಹಾರದಿರಲಿ ಅಂತ. ತಪಸ್ಸು ಕಾಲದ ಐದನೇ ಭಾನುವಾರದಿಂದ ಹೀಗೆ ಮುಚ್ಚುವ ಪದ್ಧತಿ ಕ್ಯಾಥೊಲಿಕರಲ್ಲಿ ಇದೆ. ಶಿಲುಬೆಯ ಬಟ್ಟೆ ಶುಭ ಶುಕ್ರವಾರ ತೆಗೆಯುತ್ತಾರೆ, ಸಂತರ ಬಟ್ಟೆ ಈಸ್ಟರ್ ಜಾಗರಣೆಯ ಹೊತ್ತಿಗೆ.

ಕೊನೆಯ ಬೆಂಚಿನಲ್ಲಿ ಕೂತ ಅಮ್ಮ ನನ್ನ ಕಿವಿಯಲ್ಲಿ ಹೇಳಿದರು: "ಇವತ್ತು ನಮ್ಮ ಚರ್ಚ್ ತರಾನೇ ಇದೆ."

ಪೂಜೆ ಕನ್ನಡದಲ್ಲಿ ಇತ್ತು. ಯೇಸು ಕಲಿಸಿದ ಪ್ರಾರ್ಥನೆ, ಪರಲೋಕ ಮಂತ್ರ, ಬಂದಾಗ ಅಮ್ಮನ ತುಟಿ ಅಲ್ಲಾಡಿತು, ಆದರೆ ನಮ್ಮ ಸಭೆಯ ಪದಗಳಲ್ಲಿ. ಮುಗಿದ ಮೇಲೆ ಮಾವ್ಶಿ ಒಂದು ಮುಚ್ಚಿದ ಪ್ರತಿಮೆಯ ಹತ್ತಿರ ಹೋಗಿ, ಬಟ್ಟೆಯ ಮೇಲಿಂದಲೇ ಪಾದ ಇರುವ ಕಡೆ ಬೆರಳು ಇಟ್ಟು ಬಂದರು. ಕಣ್ಣಿಗೆ ಏನೂ ಕಾಣದಿದ್ದರೂ ಬೆರಳಿಗೆ ದಾರಿ ಗೊತ್ತಿತ್ತು.

ಮಧ್ಯಾಹ್ನ ಜಗಲಿಯಲ್ಲಿ ಬೆಲ್ಲದ ಕಾಫಿ. ಮನೆಯ ಸಾಮಾನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿತ್ತು. ಬೀಗಿತ್ತಿಯರಿಬ್ಬರೂ ಎದುರುಬದುರು ಕೂತರು. ಹೆಂಡತಿಯೂ ನಾನೂ ಮೆಟ್ಟಿಲ ಮೇಲೆ.

ಅಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. "ಹತ್ತು ಆಜ್ಞೆಯಲ್ಲಿ ಎರಡನೇದು ಏನು ಹೇಳಿ?"

ಮಾವ್ಶಿ ತಡವರಿಸಲೇ ಇಲ್ಲ. "ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬಾರದು."

"ಅದು ಮೂರನೇದು! ಎರಡನೇದು ವಿಗ್ರಹ ಮಾಡ್ಕೋಬಾರದು, ಅಡ್ಡ ಬೀಳಬಾರದು ಅಂತ. ನೋಡಿದ್ರಾ, ನಿಮಗೆ ಅದನ್ನ ಕಲಿಸಿಯೇ ಇಲ್ಲ."

ಮಾವ್ಶಿಯ ಮುಖ ಕೆಂಪಾಯಿತು. ಎಪ್ಪತ್ತೆಂಟು ವರ್ಷ ಬಾಯಿಪಾಠ ಹೇಳಿದ ಆಜ್ಞೆಗಳು ಅವು. ನಾನು ನಡುವೆ ಬರಬೇಕಾಯಿತು. ವಿಮೋಚನಕಾಂಡದ 20ನೇ ಅಧ್ಯಾಯ ಎರಡೂ ಬೈಬಲ್ಲಿನಲ್ಲಿ ಒಂದೇ. ಅಲ್ಲಿ ಆಜ್ಞೆಗಳಿಗೆ ನಂಬರ್ ಹಾಕಿಲ್ಲ. ಸಂತ ಅಗಸ್ಟೀನ್ ಎಣಿಸಿದ ಹಾಗೆ ಕ್ಯಾಥೊಲಿಕರು ಎಣಿಸುತ್ತಾರೆ. ವಿಗ್ರಹದ ಮಾತು ಮೊದಲನೇ ಆಜ್ಞೆಯ ಒಳಗೇ ಸೇರುತ್ತದೆ. ನೆರೆಯವನ ಹೆಂಡತಿಗೆ, ಆಸ್ತಿಗೆ ಆಸೆ ಪಡಬಾರದು ಅನ್ನುವುದನ್ನು ಎರಡಾಗಿ ಮಾಡಿ ಹತ್ತು ತುಂಬಿಸುತ್ತಾರೆ. ಪ್ರಾಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್ ಕೂಡ ಅದೇ ಎಣಿಕೆಯನ್ನು ಇಟ್ಟುಕೊಂಡ. ಸ್ವಿಸ್ ಸುಧಾರಕರು, ಆಂಗ್ಲಿಕನ್ನರು ವಿಗ್ರಹದ್ದನ್ನು ಬೇರೆ ಮಾಡಿ ಎರಡನೇದು ಅಂದರು. ಯಾರೂ ಏನನ್ನೂ ಬಚ್ಚಿಟ್ಟಿಲ್ಲ. ನಮ್ಮ ಕಡೆಯವರು ತಲೆಮಾರಿನಿಂದ ಮಾಡುತ್ತಿರುವ ಈ ಆರೋಪ ತಪ್ಪು. ಇದನ್ನು ಅಮ್ಮನ ಎದುರಿಗೇ ಹೇಳಿದೆ, ಇಲ್ಲೂ ಹೇಳುತ್ತೇನೆ.

ಅಮ್ಮ ತಮ್ಮ ಬೈಬಲ್ ತೆಗೆದು ಬೆರಳಿಟ್ಟು ಎಣಿಸಿದರು. ಎರಡು ಸಲ ಎಣಿಸಿದರು. "ಹೌದು, ನಂಬರ್ ಇಲ್ಲ" ಅಂದರು. ಆಮೇಲೆ ಮಾವ್ಶಿಯ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ" ಅಂದರು.

ಆದರೆ ವಾದ ಬಿಡಲಿಲ್ಲ. "ಮರುಭೂಮಿಯಲ್ಲಿ ಮೋಶೆ ತಾಮ್ರದ ಸರ್ಪ ಮಾಡಿಸಿದ. ಎಷ್ಟೋ ವರ್ಷ ಆದ ಮೇಲೆ ಜನ ಅದಕ್ಕೇ ಧೂಪ ಹಾಕೋಕೆ ಶುರು ಮಾಡಿದ್ರು. ಹಿಜ್ಕೀಯ ಅರಸ ಅದನ್ನ ಚೂರು ಚೂರು ಮಾಡಿದ. ಬೈಬಲ್ಲೇ ಅವನನ್ನ ಒಳ್ಳೆಯವನು ಅನ್ನುತ್ತೆ."

"ಮಾಡು ಅಂತ ಹೇಳಿದ್ದು ಯಾರು?" ಅಂದರು ಮಾವ್ಶಿ.

"ದೇವರೇ."

"ಹಾಗಾದ್ರೆ ಮಾಡೋದು ತಪ್ಪಲ್ಲ ಅಲ್ವಾ?"

ಅಮ್ಮ ಕಾಫಿ ಲೋಟ ಕೆಳಗಿಟ್ಟರು. ಆ ಮಧ್ಯಾಹ್ನ ಇಬ್ಬರೂ ದೇವರನ್ನು ಬಿಟ್ಟು ಬೇರೆ ಯಾವುದರ ಬಗ್ಗೆಯೂ ಮಾತಾಡಲಿಲ್ಲ. 787ರಲ್ಲಿ ನೈಸಿಯಾ ಊರಿನ ಸಭೆಯಲ್ಲಿ ಬಿಷಪರು ಸೇರಿ ತೀರ್ಮಾನಿಸಿದ್ದೂ ಇದೇ ವಿಷಯವನ್ನೇ. ಅದಕ್ಕೆ ಮುಂಚೆ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಗಳು ದಶಕಗಳ ಕಾಲ ಚಿತ್ರಗಳನ್ನು ಅಳಿಸಿದ್ದರು, ಬಿಡದ ಸನ್ಯಾಸಿಗಳನ್ನು ಹಿಂಸೆ ಮಾಡಿದ್ದರು. ಆರಾಧನೆ ದೇವರಿಗೆ ಮಾತ್ರ, ಚಿತ್ರಕ್ಕೆ ಗೌರವ ಸಲ್ಲಿಸಬಹುದು, ಆ ಗೌರವ ಚಿತ್ರದಲ್ಲಿರುವವರಿಗೆ ಹೋಗಿ ಮುಟ್ಟುತ್ತದೆ ಅಂತ ಆ ಸಭೆ ಹೇಳಿತು. ನಾನು ಇದನ್ನು ಎಷ್ಟೋ ಸಲ ಓದಿದ್ದೆ. ತಲೆಗೆ ಹತ್ತಿತ್ತು, ಅಷ್ಟೇ.

ಸಂಜೆ ಮಾವ್ಶಿ ಪ್ರತಿಮೆಯನ್ನು ಇಳಿಸಿದರು. ಪ್ಲಾಸ್ಟರ್ ಆಫ್ ಪ್ಯಾರಿಸ್‌ದು. ನೀಲಿ ಮೇಲುಹೊದಿಕೆ, ಅಂಚಿಗೆ ಬಂಗಾರದ ಗೆರೆ, ಅದು ಅಲ್ಲಲ್ಲಿ ಅಳಿಸಿದೆ. ಬಲಗಾಲಿನ ಹೆಬ್ಬೆರಳ ಬಣ್ಣ ಪೂರ್ತಿ ಹೋಗಿ ಬಿಳಿಯಾಗಿ ನುಣುಪಾಗಿದೆ, ನದಿ ಕಲ್ಲಿನ ಹಾಗೆ. ಅರವತ್ತು ವರ್ಷ ಮುಟ್ಟಿದ ಜಾಗ. ಮಗ ತೀರಿಹೋದಾಗ, ಗಂಡನಿಗೆ ಖಾಯಿಲೆ ಬಂದಾಗ, ಕಾಫಿ ಬೆಲೆ ಬಿದ್ದ ವರ್ಷ, ಎಲ್ಲಾ ಅಲ್ಲಿದೆ. ಮಾವ್ಶಿ ತಮ್ಮ ಹಳೆ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಮಗುವಿಗೆ ಸುತ್ತುವ ಹಾಗೆ ಸುತ್ತಿದರು. ಮುಖ ಮುಚ್ಚುವ ಮೊದಲು ಒಂದು ಸಲ ನಿಂತರು.

ನಾಲ್ಕನೇ ದಿನ, ಸೋಮವಾರ

ಡಿಕ್ಕಿಯಲ್ಲಿ ಕಾಫಿಪುಡಿ, ಕಾಳುಮೆಣಸು, ಮಾವ್ಶಿ ಕೊಟ್ಟ ಎರಡು ಹಿತ್ತಾಳೆ ಪಾತ್ರೆ. ಪ್ರತಿಮೆಯನ್ನು ಮಲಗಿಸಲು ಹೆಂಡತಿಗೆ ಮನಸ್ಸಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ನಿಲ್ಲಿಸಿ ಬೆಲ್ಟ್ ಹಾಕಿದೆವು. ಅಮ್ಮ ಸ್ವಲ್ಪ ಸರಿದು ಕೂತರು.

ಅಮ್ಮತ್ತಿ ದಾಟಿ ಆನಂದಪುರ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಶುರು ಮಾಡಿದ ಹೆರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಈ ಕಡೆ ಬಂದು ಕಟ್ಟಿದ ಊರು. ಇಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಒಡೆಯರ ಗದ್ದೆಯಲ್ಲಿ ಜೀತಕ್ಕೆ ಇದ್ದ ದಲಿತರು. ಚರ್ಚ್ ಸರಳವಾಗಿದೆ. ವಾರದ ದಿನ ಬಾಗಿಲು ಹಾಕಿತ್ತು. ಪಕ್ಕದ ಮನೆಯ ಹಿರಿಯರೊಬ್ಬರು ಬೀಗದ ಕೈ ತಂದರು.

ಬರೀ ಗೋಡೆ. ಶಿಲುಬೆ. ಬೆಳಕು. ಅಮ್ಮ ಮೊದಲ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿದರು. ನನಗೂ ಅಲ್ಲಿ ಉಸಿರು ಹಗುರವಾಯಿತು. ಇದು ನನ್ನ ಮನೆ, ಅದರಲ್ಲಿ ಅನುಮಾನ ಇಲ್ಲ. ಬೀಗದ ಕೈ ತಂದ ಹಿರಿಯರು ಬಾಗಿಲ ಹತ್ತಿರವೇ ನಿಂತು ಹೇಳಿದರು: "ನಮ್ಮ ಮುತ್ತಾತಂದಿರಿಗೆ ಗುಡಿ ಒಳಗೆ ಬಿಡ್ತಿರಲಿಲ್ಲ. ಇಲ್ಲಿ ಮುಂದಿನ ಬೆಂಚಲ್ಲಿ ಕೂರಿಸಿದ್ರು. ನೋಡೋಕೆ ಏನೂ ಇಲ್ಲ ಅಂತಾರೆ ಬಂದವರು. ನಮಗೆ ಕೂರೋಕೆ ಜಾಗ ಸಿಕ್ಕಿದ್ದೇ ನೋಡೋ ವಿಷಯ."

ಈ ಬರೀ ಗೋಡೆಗೂ ಒಂದು ಊರು ಇದೆ. ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ 1524ರ ಬೇಸಿಗೆಯಲ್ಲಿ ಸುಧಾರಕ ಜ್ವಿಂಗ್ಲಿಯ ಕಾಲದವರು ಬಾಗಿಲು ಹಾಕಿಕೊಂಡು, ಬಡಗಿಗಳನ್ನು, ಕಲ್ಲುಕುಟಿಗರನ್ನು ಕರೆಸಿ ಪ್ರತಿಮೆ ಇಳಿಸಿದರು, ಗೋಡೆಗೆ ಸುಣ್ಣ ಬಳಿದರು. ಬಾಸೆಲ್‌ನಲ್ಲಿ ಹಾಗಾಗಲಿಲ್ಲ. 1529ರ ಫೆಬ್ರವರಿಯಲ್ಲಿ ಜನ ಗುಂಪುಗೂಡಿ ದೊಡ್ಡ ಚರ್ಚಿಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ಒಡೆದರು. ಮರದ್ದನ್ನು ಮರುದಿನ ಬೂದಿ ಬುಧವಾರ ರಾಶಿ ಹಾಕಿ ಸುಟ್ಟರು. ಎರಾಸ್ಮಸ್ ಅಂಥ ವಿದ್ವಾಂಸ ಆ ವಸಂತದಲ್ಲೇ ಊರು ಬಿಟ್ಟು ಹೋದ. ಅದೇ ಊರಿನಲ್ಲಿ 1815ರಲ್ಲಿ ನಮ್ಮ ಮಿಶನ್ ಹುಟ್ಟಿತು. ಆ ಸುಣ್ಣದ ಗೋಡೆ ಸಮುದ್ರ ದಾಟಿ ಕಾಫಿ ತೋಟದ ನಡುವೆ ಬಂದು ನಿಂತಿದೆ. ಆನಂದಪುರದ ಹಿರಿಯರಿಗೆ ಅದು ಬಿಡುಗಡೆ. ಬಾಸೆಲ್‌ನಲ್ಲಿ ಆ ದಿನ ತನ್ನ ಊರಿನ ಚರ್ಚಿನಲ್ಲಿ ತನ್ನ ತಾಯಿ ಮುಟ್ಟಿದ ಪಾದ ಒಡೆದದ್ದನ್ನು ಕಂಡ ಯಾರೋ ಒಬ್ಬ ಹೆಂಗಸಿಗೆ ಅದು ಏನಾಗಿತ್ತು? ನಮ್ಮ ಸಭೆಗಳಲ್ಲಿ ಸುಧಾರಣೆಯ ದಿನ ಆಚರಿಸುವಾಗ ಅವಳ ಬಗ್ಗೆ ಒಂದು ಮಾತೂ ಬರುವುದಿಲ್ಲ. ಬರಬೇಕು.

ಸಿದ್ದಾಪುರಕ್ಕೆ ಸ್ವಲ್ಪ ಮೊದಲು ಒಂದು ಗುಂಡಿ. ಮಳೆ ನೀರು ತುಂಬಿ ಕಾಣಲೇ ಇಲ್ಲ. ದಡ್ ಅಂತ ಸದ್ದು, ಮುಂದಿನ ಟೈರ್ ಹೋಯಿತು. ಹಿಂದೆ ತಿರುಗಿ ನೋಡಿದರೆ ಅಮ್ಮ ಎರಡೂ ಕೈಯಿಂದ ಪ್ರತಿಮೆಯನ್ನು ತಬ್ಬಿ ಹಿಡಿದಿದ್ದರು. ಆದರೂ ಅದು ಬಾಗಿಲಿಗೆ ತಾಗಿತ್ತು. ಸೀರೆ ಬಿಚ್ಚಿ ನೋಡಿದೆವು. ಬಲಗೈಯ ತೋರುಬೆರಳಿನ ತುದಿ ಮುರಿದಿತ್ತು.

ನನ್ನ ಎದೆ ಧಸಕ್ ಅಂತು. ಒಂದು ಕಡಲೆಬೀಜದಷ್ಟು ಪ್ಲಾಸ್ಟರ್. ಬೆಳಿಗ್ಗೆ ತಾನೇ ಬರೀ ಗೋಡೆಯ ಮುಂದೆ ಹಗುರಾಗಿ ಕೂತು ಬಂದವನು ನಾನು. ನೋವಾಗಿದ್ದು ಪ್ಲಾಸ್ಟರಿಗೆ ಅಲ್ಲ. ಸೀರೆ ಮಡಿಸಿ ಸುತ್ತಿದ ಮಾವ್ಶಿಯ ಕೈಗೆ. ಗೌರವ ಚಿತ್ರದಲ್ಲಿರುವವರಿಗೆ ಹೋಗಿ ಮುಟ್ಟುತ್ತದೆ ಅಂತ 787ರ ಸಭೆಯವರು ಹೇಳಿದ್ದು ಆಗ ನನ್ನ ಹೊಟ್ಟೆಗೆ ಇಳಿಯಿತು. ಒಂದು ವಸ್ತುವಿಗೆ ಮನಸ್ಸನ್ನು ಹೀಗೆ ಎಳೆಯುವ ಶಕ್ತಿ ಇದೆ ಅಂತಲೇ ಜ್ವಿಂಗ್ಲಿ ಹೆದರಿದ್ದು, ಅದೂ ಆಗಲೇ ಗೊತ್ತಾಯಿತು.

ಹೆಂಡತಿ ಏನೂ ಮಾತಾಡಲಿಲ್ಲ. ಹೊರಗೆ ಹೋಗಿ ತೋಟದ ಬೇಲಿಯ ಹತ್ತಿರ ನಿಂತಳು.

ಸ್ಟೆಪ್ನಿ ಹಾಕಿಕೊಂಡು ಸಿದ್ದಾಪುರದ ಪಂಕ್ಚರ್ ಅಂಗಡಿಗೆ ಬಂದೆವು. ಅಂಗಡಿಯ ಚೇಟ್ಟ ಕೇರಳದ ಕ್ಯಾಥೊಲಿಕರ ಸೀರೋ ಮಲಬಾರ್ ಸಭೆಯವರು, ತಂದೆಯ ಕಾಲದಲ್ಲಿ ಕೇರಳದಿಂದ ಬಂದವರು. ಸೀಟಿನ ಮೇಲೆ ಮರಿಯಮ್ಮನನ್ನು ಕಂಡು ಕೈ ಒರೆಸಿಕೊಂಡು ಶಿಲುಬೆಯ ಗುರುತು ಹಾಕಿಕೊಂಡರು. ಅಮ್ಮನ ಕೈಯ ಬೈಬಲ್ ನೋಡಿ, ನಮ್ಮ ಮನೆಯ ವಿಷಯ ಕೇಳಿ ತಿಳಿದು, "ನಮ್ಮಲ್ಲಿ ಪ್ರತಿಮೆ ಬಗ್ಗೆ ಜಗಳ ಇಲ್ಲ. ಶಿಲುಬೆ ಯಾವುದು ಅಂತ ಜಗಳ" ಅಂದರು. ಅವರ ಹಳೆ ಕಲ್ಲಿನ ಶಿಲುಬೆ, ಮಾರ್ ತೋಮಾ ಶಿಲುಬೆ, ಮೇಲೆ ಪಾರಿವಾಳ, ಕೆಳಗೆ ಕಮಲ, ಯೇಸುವಿನ ದೇಹ ಇಲ್ಲ. ನಮ್ಮ ಹಿರಿಯರದ್ದು ಇದೇ, ಬಲಿಪೀಠದಲ್ಲಿ ಇದೇ ಇರಲಿ ಅನ್ನುವವರು ಒಂದು ಕಡೆ. ದೇಹ ಇರುವ ಶಿಲುಬೆ ಬೇಕು ಅನ್ನುವವರು ಇನ್ನೊಂದು ಕಡೆ. "ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದಾರೆ" ಅಂದರು ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತಾ. ಮಧ್ಯ ಕೇರಳದ ಮಾರಾಮಣ್‌ನಲ್ಲಿ 1837ರಲ್ಲಿ ಅಬ್ರಹಾಂ ಮಲ್ಪಾನ್ ಅನ್ನುವ ಪಾದ್ರಿ, ಜನ ಮುತ್ತಪ್ಪನ್ ಅಂತ ಕರೆದು ಹರಕೆ ಹೊರುತ್ತಿದ್ದ ಸಂತನ ಮರದ ಪ್ರತಿಮೆಯನ್ನು ಬಾವಿಗೆ ಹಾಕಿದ ಕಥೆ ನನಗೆ ನೆನಪಾಯಿತು. ಅವರ ಸುಧಾರಣೆಯಿಂದಲೇ ಮುಂದೆ ಮಾರ್ ತೋಮಾ ಸಭೆ ಬೇರೆಯಾಯಿತು. ಒಂದೇ ಊರಿನವರು, ಒಂದೇ ಬಾವಿಯ ನೀರು ಕುಡಿದವರು.

ನೆಲ್ಯಹುದಿಕೇರಿಯ ಸೇತುವೆ ದಾಟಿದಾಗ ಸಂಜೆ ನಾಲ್ಕೂವರೆ. ಈ ದಾರಿಯಲ್ಲಿ ಆನೆಗಳ ಓಡಾಟ ಜಾಸ್ತಿ, ಕತ್ತಲಾಗುವ ಮೊದಲೇ ಕುಶಾಲನಗರ ಸೇರಿಕೊಳ್ಳಿ ಅಂತ ಚೇಟ್ಟ ಎರಡೆರಡು ಸಲ ಹೇಳಿದ್ದರು. ಕಾವೇರಿ ತಳ ಕಾಣುವಷ್ಟು ಇಳಿದಿದ್ದಳು. ಕಾರಿನೊಳಗೆ ಯಾರೂ ಮಾತಾಡಲಿಲ್ಲ.

ಕುಶಾಲನಗರದಲ್ಲಿ ಕಾಫಿಗೆ ನಿಲ್ಲಿಸಿದೆ. ಅಮ್ಮ ಇಳಿಯಲಿಲ್ಲ. ನಾನು ಲೋಟ ತಂದು ಕೊಟ್ಟಾಗ, "ಆ ಅಂಗಡಿಯಲ್ಲಿ ಫೆವಿಕ್ವಿಕ್ ಸಿಗುತ್ತಾ ನೋಡು" ಅಂದರು. ಅವರು ಬೈಬಲ್ಲಿನ ಚರ್ಮದ ಕವರಿನ ಜೇಬಿನಿಂದ ಒಂದು ಕರ್ಚೀಫ್ ತೆಗೆದರು. ಗಂಟು ಬಿಚ್ಚಿದರು. ಒಳಗೆ ಬೆರಳಿನ ತುದಿ ಇತ್ತು. ಗುಂಡಿಯ ಹತ್ತಿರ ಸೀಟಿನ ಕೆಳಗೆ ಬಗ್ಗಿ ಹುಡುಕಿ ಇಟ್ಟುಕೊಂಡಿದ್ದರಂತೆ.

ಹೆಂಡತಿ ಹಿಂದಿನ ಸೀಟಿಗೆ ಬಂದು ಕೂತಳು. ಅವಳು ಪ್ರತಿಮೆಯ ಕೈ ಹಿಡಿದಳು, ಅಮ್ಮ ಕನ್ನಡಕ ಹಾಕಿಕೊಂಡು ತುದಿಯನ್ನು ಅದರ ಜಾಗದಲ್ಲಿ ಒತ್ತಿದರು.

"ಹಾಲ್‌ನಲ್ಲಿ ಬೇಡಮ್ಮ. ನಿಮ್ಮ ರೂಮಲ್ಲಿ ಇಟ್ಕೊ" ಅಂದರು. "ನಾನು ಇದರ ಮುಂದೆ ಕೈ ಮುಗಿಯಲ್ಲ. ಅದು ನನ್ನಿಂದ ಆಗಲ್ಲ."

"ಸರಿ ಅತ್ತೆ."

ಅಮ್ಮ ಬೆರಳು ಒತ್ತಿ ಹಿಡಿದೇ ಇದ್ದರು. ಆಮೇಲೆ ನನ್ನನ್ನು ಕೇಳಿದರು: "ಒಣಗೋಕೆ ಎಷ್ಟು ಹೊತ್ತು ಬೇಕಂತೆ?"